ಟಿವಿ ಪೆಟ್ಟಿಗೆಗಳ ಕಲೆಯನ್ನು ನೋಡೋದು ಹೇಗೆ?

ಪ್ರಶ್ನೆ: ನಾನು ಹಾವೇರಿಯ ನಿವೃತ್ತ ಶಾಲಾ ಮಾಸ್ತರ. ಹೋದ ವರ್ಷ ಅಮೆರಿಕಕ್ಕೆ ಮಗನ ಮನೆಗೆ ಹೋಗಿದ್ದೆ. ವಾಷಿಂಗ್ಟನ್‌ನ ಒಂದು ಮ್ಯೂಸಿಯಂನಲ್ಲಿ ನೂರಾರು ಟಿವಿ ಜೋಡಿಸಿ ಮಾಡಿದ ಅಮೆರಿಕದ ನಕಾಶೆ ನೋಡಿದೆ. ಸುತ್ತಲೂ ಬಣ್ಣದ ನಿಯಾನ್ ದೀಪ, ಒಳಗೆಲ್ಲ ಓಡುವ ಚಿತ್ರ. ಎರಡೇ ನಿಮಿಷಕ್ಕೆ ಕಣ್ಣು ಕತ್ತಲೆ ಬಂದಂತಾಗಿ ಮುಂದೆ ನಡೆದೆ. ಮೊಮ್ಮಗಳು ಮಾತ್ರ ಅಲ್ಲೇ ನೆಲಕ್ಕೆ ಕೂತವಳು ಏಳಲೇ ಇಲ್ಲ. ಇದು ವಿಡಿಯೋ ಆರ್ಟ್, ಅಂದರೆ ಟಿವಿ, ವಿಡಿಯೋ ಬಳಸಿ ಮಾಡುವ ಕಲೆ, ಈ ನಕಾಶೆ ಮಾಡಿದಾತ ಅದನ್ನು ಶುರು ಮಾಡಿದವರಲ್ಲಿ ಮೊದಲಿಗ ಅಂತ ಮಗ ಹೇಳಿದ. ನನಗೆ ಟಿವಿ ರಿಪೇರಿ ಅಂಗಡಿ ನೆನಪಾಯಿತು, ಅಷ್ಟೇ. ಬರುವ ಬೇಸಿಗೆಗೆ ಮತ್ತೆ ಹೋಗುವವನಿದ್ದೇನೆ. ಅಂಥದ್ದನ್ನು ಹೇಗೆ ನೋಡಬೇಕು? ಮೊಬೈಲಿನಲ್ಲಿ ಅದರ ವಿಡಿಯೋ ನೋಡಿದರೆ ಸಾಲದೇ? ಇನ್ನೊಂದು ಮಾತು. ನಮ್ಮ ಅಟ್ಟದ ಮೇಲೆ ಹಳೆಯ ಕಪ್ಪು-ಬಿಳುಪು ಟಿವಿ ಇದೆ. ಗುಜರಿಗೆ ಹಾಕಲೋ, ಬೇಡವೋ?

ಉತ್ತರ: ಮಾಸ್ತರರೇ, ರಿಪೇರಿ ಅಂಗಡಿ ನೆನಪಾಯಿತು ಅಂತ ಸಂಕೋಚದಿಂದ ಬರೆದಿದ್ದೀರಿ. ಸಂಕೋಚ ಬೇಡ, ಆ ಅಂಗಡಿಯಿಂದಲೇ ಶುರು ಮಾಡೋಣ. ನಾನು ಈಗ ಧಾರವಾಡದಲ್ಲಿ ಕಲಾ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ವಿಡಿಯೋ ಆರ್ಟ್ ಬಗ್ಗೆ ಓದಿದ್ದೆಲ್ಲ ಆಮೇಲೆ. ಅದನ್ನು ಮೊದಲು ಕಣ್ಣಿಂದ ಕಂಡಿದ್ದು ಹುಬ್ಬಳ್ಳಿಯಲ್ಲಿ, ದುರ್ಗದಬೈಲಿನ ಹತ್ತಿರದ ಒಂದು ಓಣಿಯಲ್ಲಿದ್ದ ಸೋದರಮಾವನ ಟಿವಿ ರಿಪೇರಿ ಅಂಗಡಿಯಲ್ಲಿ. ಅದು ಕಲೆ ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ಮಾಮಾಗಂತೂ ಕೊನೆಯವರೆಗೂ ಗೊತ್ತಾಗಲಿಲ್ಲ.

1987ರ ಮಾತು. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ ಕಾಲ. ಎಷ್ಟೋ ಮನೆಗಳಲ್ಲಿ ಟಿವಿಗೆ ಹೂವಿನ ಹಾರ ಹಾಕಿ, ಊದಿನಕಡ್ಡಿ ಹಚ್ಚಿ ಕೂರುತ್ತಿದ್ದರು. ಹಾಗಾಗಿ ಶನಿವಾರ ಸಂಜೆ ಮಾಮಾನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅಂಥ ಒಂದು ಶನಿವಾರ ಒಬ್ಬರು ಸೈಕಲ್ ಕ್ಯಾರಿಯರ್ ಮೇಲೆ ಚಾದರ ಸುತ್ತಿ ಒಂದು ಕಪ್ಪು-ಬಿಳುಪು ಟಿವಿ ಕಟ್ಟಿಕೊಂಡು ಬಂದರು. ಮುಂದೆ ಎಳೆದು ಮುಚ್ಚುವ ಶಟರ್ ಇದ್ದ ಮರದ ಪೆಟ್ಟಿಗೆ. ಹಚ್ಚಿದರೆ ಧ್ವನಿ ಸರಿಯಾಗೇ ಇತ್ತು, ವಾರ್ತೆ ಬರುತ್ತಿತ್ತು. ಚಿತ್ರ ಮಾತ್ರ ಇಲ್ಲ. ಪರದೆಯ ನಟ್ಟನಡುವೆ, ಎಡದಿಂದ ಬಲಕ್ಕೆ, ಒಂದೇ ಒಂದು ಬಿಳಿ ಗೆರೆ.

"ವರ್ಟಿಕಲ್ ಕುಂತೈತಿ," ಅಂದ ಮಾಮಾ. ನನ್ನ ಕಡೆ ತಿರುಗಿ, "ಏ ತಮ್ಮಾ, ಮೊದಲ ಬ್ರೈಟ್‌ನೆಸ್ ಕಮ್ಮಿ ಮಾಡು, ಟ್ಯೂಬ್ ಸುಡತೈತಿ" ಅಂದ. ಸಾಲ್ಡರಿಂಗ್ ಕಡ್ಡಿ ಬಿಸಿಯಾಗುವ ತನಕ ಆ ಗೆರೆಯನ್ನೇ ನೋಡುತ್ತ ನಿಂತ. "ನೋಡಿಲ್ಲೆ. ವಾರ್ತೆ ಓದಾಕಿ ಮುಖ, ಸೀರಿ, ಹಿಂದಿನ ಗ್ವಾಡಿ, ಎಲ್ಲಾ ಇದರಾಗ ಅದಾವ. ಬಿಚ್ಚಿಲ್ಲ, ಅಷ್ಟ."

ಮಾಮಾ ಹೇಳಿದ್ದರಲ್ಲಿ ಅಲಂಕಾರ ಏನೂ ಇಲ್ಲ, ಅದು ನಡೆಯೋದೇ ಹಾಗೆ. ಹಳೆಯ ಪಿಕ್ಚರ್ ಟ್ಯೂಬಿನ ಹಿಂದಿನ ಗನ್‌ನಿಂದ ಎಲೆಕ್ಟ್ರಾನ್‌ಗಳ ಒಂದು ಸಣ್ಣ ಧಾರೆ ಬಂದು ಗಾಜಿನ ಒಳಮೈಯ ಲೇಪಕ್ಕೆ ಬಡಿಯುತ್ತದೆ. ಬಡಿದ ಜಾಗದಲ್ಲಿ ಒಂದು ಚುಕ್ಕೆ ಹೊಳೆಯುತ್ತದೆ. ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ ಇರುತ್ತದಲ್ಲ, ಯೋಕ್ ಅಂತಾರೆ, ಅದು ಆ ಧಾರೆಯನ್ನು ಅಡ್ಡಕ್ಕೂ ಕೆಳಕ್ಕೂ ಎಳೆದಾಡುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಕೆಳಗೆ ಎಳೆಯುವ ಸರ್ಕ್ಯೂಟ್ ಸತ್ತರೆ ಅಷ್ಟೂ ಗೆರೆಗಳು ಒಂದರ ಮೇಲೊಂದು ಅದೇ ಜಾಗಕ್ಕೆ ಬೀಳುತ್ತವೆ. ಇಡೀ ವಾರ್ತೆ ಒಂದು ಗೆರೆಯೊಳಗೆ ಮಡಚಿಕೊಂಡು ಕೂರುತ್ತದೆ. ಧಾರೆಯೆಲ್ಲ ಅಲ್ಲೇ ಬೀಳೋದರಿಂದ ಲೇಪ ಸುಟ್ಟು ಕಲೆ ಉಳಿಯುತ್ತದೆ. ಮಾಮಾ ಬ್ರೈಟ್‌ನೆಸ್ ಕಮ್ಮಿ ಮಾಡು ಅಂದದ್ದು ಅದಕ್ಕೆ.

ಈಗ ಆ ಶನಿವಾರದಿಂದ 24 ವರ್ಷ ಹಿಂದಕ್ಕೆ ಬನ್ನಿ. ಮಾರ್ಚ್ 1963, ಪಶ್ಚಿಮ ಜರ್ಮನಿಯ ವುಪರ್ಟಾಲ್ ಊರು. ರೋಲ್ಫ್ ಯೇರ್ಲಿಂಗ್ ಅನ್ನುವ ವಾಸ್ತುಶಿಲ್ಪಿಯ ಬಂಗಲೆ, ಅದರೊಳಗೇ ಅವರ ಪಾರ್ನಾಸ್ ಗ್ಯಾಲರಿ. ಅಲ್ಲಿ ಕೊರಿಯಾದ 30 ವರ್ಷದ ಯುವಕನೊಬ್ಬ ತನ್ನ ಮೊದಲ ಪ್ರದರ್ಶನ ಇಟ್ಟ. ಹೆಸರು ನಾಮ್ ಜೂನ್ ಪೈಕ್. ನೀವು ನೋಡಿದ ನಕಾಶೆ ಇವನದೇ. ಬಾಗಿಲ ಮೇಲೆ ಎತ್ತಿನ ತಲೆ ತೂಗುಹಾಕಿತ್ತು. ಒಳಗೆ ಬೇಕಾದ ಹಾಗೆ ಮಾರ್ಪಾಡು ಮಾಡಿದ ಪಿಯಾನೋಗಳು. ಅದರಲ್ಲೊಂದನ್ನು ಯೋಸೆಫ್ ಬೋಯ್ಸ್ ಎಂಬ ಇನ್ನೊಬ್ಬ ಕಲಾವಿದ ಬಂದು ಕೊಡಲಿಯಿಂದ ಒಡೆದುಹಾಕಿದ. ಆ ಗಲಾಟೆ ಬಿಡಿ. ನಮಗೆ ಬೇಕಾದ್ದು ಇನ್ನೊಂದು ಕೋಣೆ. ಅಲ್ಲಿ ಸೆಕೆಂಡ್‌ಹ್ಯಾಂಡ್ ಟಿವಿಗಳು ನೆಲದ ಮೇಲೆ ಅಲ್ಲಿಲ್ಲಿ ಬಿದ್ದುಕೊಂಡಿದ್ದವು. ಒಂದು ಬೋರಲು ಮಲಗಿತ್ತು. ಒಂದರ ಮುಂದೆ ಮೈಕ್ ಇತ್ತು, ನೀವು ಮಾತಾಡಿದರೆ ನಿಮ್ಮ ದನಿಗೆ ತಕ್ಕಂತೆ ಪರದೆಯ ಮೇಲೆ ಬೆಳಕು ಕುಣಿಯುತ್ತಿತ್ತು. ಪ್ರದರ್ಶನ ತೆರೆಯುತ್ತಿದ್ದದ್ದು ಸಂಜೆ ಹೊತ್ತು. ಯಾಕೆಂದರೆ ಆಗ ಅಲ್ಲಿ ಇದ್ದದ್ದು ಒಂದೇ ಚಾನೆಲ್, ಅದೂ ಸಂಜೆ ಮಾತ್ರ. ನಮ್ಮ ಹಳೆಯ ದೂರದರ್ಶನದ ಹಾಗೇ, ಅಲ್ವಾ? ಪೈಕ್ ತನ್ನದೇ ಸಿನಿಮಾ ಏನೂ ತೋರಿಸಲಿಲ್ಲ. ಊರಿಗೆಲ್ಲ ಬರುತ್ತಿದ್ದ ಕಾರ್ಯಕ್ರಮವನ್ನೇ ತಿರುಚಿ ತೋರಿಸಿದ.

ಅಲ್ಲಿಗೆ ಸಾಗಿಸುವಾಗ ಒಂದು ಟಿವಿ ಕೆಟ್ಟಿತು. ಏನಾಗಿತ್ತು ಅಂತ ನೀವೀಗ ಊಹಿಸಬಹುದು. ಚಿತ್ರ ಹೋಗಿ ಒಂದು ಗೆರೆ ಉಳಿದಿತ್ತು. ಪೈಕ್ ಅದನ್ನು ವಾಪಸ್ ಕಳಿಸಲಿಲ್ಲ. ಪಕ್ಕಕ್ಕೆ ಹೊರಳಿಸಿ ನಿಲ್ಲಿಸಿದ. ಮಲಗಿದ್ದ ಗೆರೆ ಎದ್ದು ನಿಂತಿತು. ಹೆಸರು 'ಝೆನ್ ಫಾರ್ ಟಿವಿ'.

ಮಾಮಾ ಮಾತ್ರ ಅರ್ಧ ಗಂಟೆಯಲ್ಲಿ ಐಸಿ ಬದಲಿಸಿ, ಗೆರೆಯನ್ನು ಬಿಚ್ಚಿ ಮುಖ ಮಾಡಿ, ದುಡ್ಡು ತಗೊಂಡು ಕಳಿಸಿದ. ಮರುದಿನ ಆ ಮನೆಯಲ್ಲಿ ರಾಮಾಯಣ ನೋಡಬೇಕಿತ್ತಲ್ಲ. ನಾನು ಹೇಳೋದು ಇಷ್ಟು: ಇಬ್ಬರೂ ಒಂದೇ ವಸ್ತುವನ್ನು ಒಂದೇ ಗಮನದಿಂದ ನೋಡಿದರು. ಟಿವಿ ಚೆನ್ನಾಗಿ ನಡೆಯುವಾಗ ಅದು ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಅದರೊಳಗಿನ ಸೀತೆ ಕಾಣುತ್ತಾಳೆ, ಕ್ರಿಕೆಟ್ ಕಾಣುತ್ತದೆ. ಕೆಟ್ಟ ದಿನ ಮಾತ್ರ ಅದು ಗಾಜು, ತಂತಿ, ಬೆಳಕು ಇರುವ ಒಂದು ಪೆಟ್ಟಿಗೆ ಅಂತ ಕಾಣುತ್ತದೆ. ಹಾರ ಹಾಕಿದವರಿಗೆ ಅದು ಬೇರೆ ರೀತಿಯಲ್ಲಿ ಗೊತ್ತಿತ್ತು ಅನ್ನಿ. ಪೈಕ್ ಮತ್ತು ಅವನ ಜೊತೆಯವರು ಆ ಪೆಟ್ಟಿಗೆಯನ್ನು ಬೇಕಂತಲೇ ಕಾಣುವ ಹಾಗೆ ಮಾಡಿದರು. ಹಾಗಾಗಿ ಅಂಥ ಕೃತಿಯ ಮುಂದೆ ನಿಂತಾಗ 'ಏನು ಬರ್ತಿದೆ' ಅಂತ ಕೇಳಿಕೊಳ್ಳಬೇಡಿ. 'ಇದು ಏನು ಮಾಡ್ತಿದೆ' ಅಂತ ಕೇಳಿಕೊಳ್ಳಿ. ನಿಮಗೆ ಕಣ್ಣು ಕತ್ತಲೆ ಬಂದದ್ದು ನೀವು ಆ ನಕಾಶೆಯ 336 ಟಿವಿಗಳಲ್ಲೂ ಕಾರ್ಯಕ್ರಮ ನೋಡಲು ಹೋದದ್ದರಿಂದ.

ಪೈಕ್ ಚಿತ್ರಕಲೆಯಿಂದ ಬಂದವನಲ್ಲ, ಸಂಗೀತದವನು. 1932ರಲ್ಲಿ ಸೋಲ್‌ನಲ್ಲಿ ಹುಟ್ಟಿದ. ಕೊರಿಯಾ ಯುದ್ಧದ ಹೊತ್ತಿಗೆ ಮನೆಮಂದಿ ದೇಶ ಬಿಟ್ಟರು. ಟೋಕಿಯೋದಲ್ಲಿ ಓದಿ 1956ರಲ್ಲಿ ಜರ್ಮನಿಗೆ ಹೋದ. ಅಲ್ಲಿ ಅಮೆರಿಕದ ಸಂಗೀತಗಾರ ಜಾನ್ ಕೇಜ್ ಸಿಕ್ಕಿದ. ಪಿಯಾನೋ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರು ಸಿಕ್ಕಿಸಿ ನುಡಿಸಿದ ಪುಣ್ಯಾತ್ಮ. ಕೇಳಲು ಹುಚ್ಚಾಟ ಅನ್ನಿಸಬಹುದು. ಆದರೆ ತಂಬೂರಿಯ ತಂತಿ ಕೆಳಗೆ ಒಂದು ದಾರದ ಎಳೆ ಸರಿಸಿದರೆ ನಾದ ಹೇಗೆ ಬಿಚ್ಚಿಕೊಳ್ಳುತ್ತದೆ ಅನ್ನೋದು ಧಾರವಾಡದ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೇಜ್ ಪಿಯಾನೋಗೆ ಮಾಡಿದ್ದನ್ನು ಪೈಕ್ ಟಿವಿಗೆ ಮಾಡಿದ.

1965ರ 'ಮ್ಯಾಗ್ನೆಟ್ ಟಿವಿ' ನೋಡಿ. 17 ಇಂಚಿನ ಒಂದು ಕಪ್ಪು-ಬಿಳುಪು ಟಿವಿ, ಅದರ ತಲೆ ಮೇಲೆ ಒಂದು ದೊಡ್ಡ ಅಯಸ್ಕಾಂತ. ಅಯಸ್ಕಾಂತ ಎಲೆಕ್ಟ್ರಾನ್ ಧಾರೆಯನ್ನು ಎಳೆದು, ಪರದೆಯ ಮೇಲೆ ಬೆಳಕು ಸೆರಗು ಬೀಸಿದ ಹಾಗೆ ಬಾಗುತ್ತದೆ. ಆಗಿನ ಕಾಲದಲ್ಲಿ ನೋಡಲು ಬಂದವರೇ ಅಯಸ್ಕಾಂತ ಸರಿಸಬಹುದಿತ್ತು. ಈಗ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿದೆ, ಮುಟ್ಟುವ ಹಾಗಿಲ್ಲ. ಇದನ್ನು ನಾನು ಓದುವ ಮೊದಲೇ ಮಾಡಿದ್ದೆ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಕಿತ್ತು ಅಂಗಡಿಯ ಕಪ್ಪು-ಬಿಳುಪು ಟಿವಿಗೆ ಹಿಡಿದರೆ ವಾರ್ತೆ ಓದುವವರ ಗಲ್ಲ ಕಿವಿಯವರೆಗೆ ಹೋಗುತ್ತಿತ್ತು. ತೆಗೆದರೆ ಮೊದಲಿನಂತೆ. ಧೈರ್ಯ ಬಂದು ಒಂದು ದಿನ ಗಿರಾಕಿಯ ಹೊಸ ಕಲರ್ ಟಿವಿಗೆ ಹಿಡಿದೆ. ತೆಗೆದರೂ ಮೂಲೆಯಲ್ಲಿ ನೇರಳೆ ಬಣ್ಣದ ಮಚ್ಚೆ ಹಾಗೇ ಉಳಿಯಿತು. ಕಲರ್ ಟ್ಯೂಬಿನೊಳಗೆ ಸಣ್ಣ ತೂತುಗಳ ಒಂದು ಲೋಹದ ತಗಡು ಇರುತ್ತದೆ, ಅದು ಅಯಸ್ಕಾಂತ ಹಿಡಿದುಬಿಡುತ್ತದೆ. ಮಾಮಾ ಬೆನ್ನಿಗೆ ಒಂದು ಬಾರಿಸಿ, ಹಿಡಿದ ಅಯಸ್ಕಾಂತ ಬಿಡಿಸುವ ಡಿಗಾಸಿಂಗ್ ಕಾಯಿಲ್ ತಂದು, ಆರತಿ ಎತ್ತಿದ ಹಾಗೆ ಪರದೆಯ ಮುಂದೆ ದುಂಡಗೆ ಆಡಿಸುತ್ತ ನಿಧಾನಕ್ಕೆ ಹಿಂದೆ ಹಿಂದೆ ಸರಿದು ಮಚ್ಚೆ ಅಳಿಸಿದ. ಆ ಎರಡು ನಿಮಿಷ ಪರದೆಯ ಮೇಲೆ ಓಡಾಡಿದ ಬಣ್ಣಗಳನ್ನು ನಾನು ಇವತ್ತಿಗೂ ಮರೆತಿಲ್ಲ.

ಇನ್ನು ಚಿತ್ರ ಮೇಲಿಂದ ಕೆಳಗೆ ಉರುಳುವ ರೋಗ. ಹಿಂದಿನ ಹೋಲ್ಡ್ ನಾಬ್ ತಿರುಗಿಸೋದು, ಆಗದಿದ್ದರೆ ಟಿವಿ ತಲೆಗೆ ಒಂದು ಏಟು. ಅಮೆರಿಕದ ಕಲಾವಿದೆ ಜೋನ್ ಜೋನಸ್ 1972ರಲ್ಲಿ ಆ ಉರುಳನ್ನೇ ತಾಳ ಮಾಡಿಕೊಂಡು 'ವರ್ಟಿಕಲ್ ರೋಲ್' ಮಾಡಿದರು. ಸುಮಾರು 20 ನಿಮಿಷ ಕಪ್ಪು ಪಟ್ಟಿ ಬಡಿಯುತ್ತಲೇ ಇರುತ್ತದೆ, ಅವರು ಆ ಪಟ್ಟಿಯ ಜೊತೆ ಆಡುತ್ತಾರೆ. ನನ್ನ ವಿದ್ಯಾರ್ಥಿಗಳಿಗೆ ಇದು ಏನೂ ಅನ್ನಿಸೋದಿಲ್ಲ, ಅವರು ಉರುಳುವ ಟಿವಿ ನೋಡಿಲ್ಲ. ನಿಮಗೆ ಕೈ ತುರಿಸುತ್ತದೆ, ಒಂದು ಏಟು ಹಾಕೋಣ ಅಂತ.

ಮೊಬೈಲಿನಲ್ಲಿ ನೋಡಿದರೆ ಸಾಲದೇ ಅಂತ ಕೇಳಿದ್ದೀರಿ. ಜೋನಸ್ ಅವರ ಕೃತಿಯಂಥವು ಮೊಬೈಲಿನಲ್ಲೂ ಸ್ವಲ್ಪ ದಕ್ಕುತ್ತವೆ, ಯಾಕೆಂದರೆ ಅವು ಟೇಪಿನ ಮೇಲೆ ಇರೋದು. ಪೆಟ್ಟಿಗೆಯ ಕೃತಿಗಳು ದಕ್ಕೋದಿಲ್ಲ. ಪಿಕ್ಚರ್ ಟ್ಯೂಬ್ ಟಿವಿಯನ್ನು ಮೊಬೈಲಿನಲ್ಲಿ ಹಿಡಿದು ನೋಡಿ. ಪರದೆ ತುಂಬ ಕಪ್ಪು ಪಟ್ಟಿಗಳು ಸರಿದಾಡುತ್ತವೆ. ಕ್ಯಾಮೆರಾ ಕೆಟ್ಟಿಲ್ಲ, ಅದು ನಿಮ್ಮ ಕಣ್ಣಿಗಿಂತ ಪ್ರಾಮಾಣಿಕ. ಯಾವ ಕ್ಷಣದಲ್ಲೂ ಆ ಗಾಜಿನ ಮೇಲೆ ಪೂರ್ತಿ ಚಿತ್ರ ಇರೋದೇ ಇಲ್ಲ. ಒಂದು ಚುಕ್ಕೆ ಓಡುತ್ತಿರುತ್ತದೆ, ಹಿಂದಿನ ಗೆರೆಗಳು ಆರುತ್ತಿರುತ್ತವೆ. ಅದನ್ನು ಕೂಡಿಸಿ ಮುಖ ಮಾಡೋದು ನಿಮ್ಮ ಕಣ್ಣು. ಅಂದರೆ ನೋಡುವವರು ಎದುರಿಗೆ ಇಲ್ಲದಿದ್ದರೆ ಆ ಕೃತಿಯ ಅರ್ಧ ಕೆಲಸ ನಡೆಯೋದಿಲ್ಲ.

ಕಣ್ಣಷ್ಟೇ ಅಲ್ಲ. ಗಾಜಿನ ಹತ್ತಿರ ಕೈ ಒಯ್ದರೆ ತೋಳಿನ ಕೂದಲು ನಿಮಿರೋದು, ಹಿಂಭಾಗದ ಬಿಸಿ, ಬಿಸಿಯಾದ ಧೂಳಿನ ವಾಸನೆ. ಮತ್ತೊಂದು ಸಣ್ಣ ಶಿಳ್ಳೆ. ನೀವು ಮಾಸ್ತರರು, 625ನ್ನು 25ರಿಂದ ಗುಣಿಸಿ: 15,625. ನಮ್ಮ ಹಳೆಯ ಟಿವಿಯ ಒಂದು ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ ಅಷ್ಟು ಸಲ ಕಂಪಿಸಿ ಶಿಳ್ಳೆ ಹಾಕುತ್ತದೆ. ಅಮೆರಿಕದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ. ವಯಸ್ಸಾದಂತೆ ಅಷ್ಟು ಸಣ್ಣ ಸ್ವರ ಕಿವಿಗೆ ಬೀಳೋದು ನಿಲ್ಲುತ್ತದೆ. ಮಕ್ಕಳಿಗೆ ಕೇಳುತ್ತದೆ. ನಾನು ಚಿಕ್ಕವನಿದ್ದಾಗ ಓಣಿಯ ತುದಿಯಿಂದಲೇ ಅಂಗಡಿಯಲ್ಲಿ ಟಿವಿ ಹಚ್ಚಿದ್ದಾರೆ ಅಂತ ಹೇಳುತ್ತಿದ್ದೆ. ಈಗ ಎದುರಿಗೆ ಕೂತರೂ ಕೇಳೋದಿಲ್ಲ. ಬಹುಶಃ ಅವತ್ತು ಆ ಮ್ಯೂಸಿಯಂನಲ್ಲಿ ನಿಮ್ಮ ಮೊಮ್ಮಗಳು ಕೇಳಿದ ಕೃತಿ ಒಂದು, ನೀವು ಕೇಳಿದ್ದು ಇನ್ನೊಂದು. ಈ ಸಲ ಅವಳನ್ನೇ ಕೇಳಿ ನೋಡಿ.

ಈಗ ನಿಮ್ಮ ನಕಾಶೆ. ಅದರ ಹೆಸರು 'ಎಲೆಕ್ಟ್ರಾನಿಕ್ ಸೂಪರ್‌ಹೈವೇ', 1995ರದ್ದು. ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. ಸುಮಾರು 15 ಅಡಿ ಎತ್ತರ, 40 ಅಡಿ ಅಗಲ. 336 ಟಿವಿ, 50 ಡಿವಿಡಿ ಪ್ಲೇಯರ್, 575 ಅಡಿ ನಿಯಾನ್ ಟ್ಯೂಬ್, 3,750 ಅಡಿ ಕೇಬಲ್. ಕೇಬಲ್ ಒಂದೇ ಬಿಚ್ಚಿ ಹಾಸಿದರೆ ಒಂದು ಕಿಲೋಮೀಟರಿಗಿಂತ ಜಾಸ್ತಿ. ಪೈಕ್ ಅಮೆರಿಕಕ್ಕೆ ಬಂದದ್ದು 1964ರಲ್ಲಿ, ಅಲ್ಲಿನ ದೊಡ್ಡ ಹೆದ್ದಾರಿಗಳು ಇನ್ನೂ ಹೊಸತಾಗಿದ್ದಾಗ. ರಸ್ತೆ ಬದಿಯ ಹೋಟೆಲುಗಳ ನಿಯಾನ್ ಬೋರ್ಡುಗಳೇ ಆ ರಾಜ್ಯಗಳ ಗಡಿರೇಖೆ ಆಗಿವೆ. ರಾತ್ರಿ ಬಸ್ಸಿನಲ್ಲಿ ಹಾವೇರಿ ದಾಟುವಾಗ ಹೈವೇ ಪಕ್ಕದ ಢಾಬಾಗಳ ಬಣ್ಣದ ದೀಪ ಒಂದಾದ ಮೇಲೊಂದು ಬಂದು ಹೋಗುತ್ತವಲ್ಲ, ಅದನ್ನು ನೆನೆಸಿಕೊಳ್ಳಿ. ಮಾಹಿತಿಯೂ ಹೀಗೆ ಹೆದ್ದಾರಿಯಲ್ಲಿ ಓಡುತ್ತದೆ ಅಂತ 1974ರಲ್ಲೇ ಬರೆದು, 'ಎಲೆಕ್ಟ್ರಾನಿಕ್ ಸೂಪರ್‌ಹೈವೇ' ಅನ್ನುವ ಮಾತನ್ನು ಬಳಸಿದವನು ಅವನು.

ಮುಂದಿನ ಸಲ ಮೊದಲು ದೂರ ನಿಲ್ಲಿ. ಕಣ್ಣು ಕತ್ತಲೆ ಬರಲಿ, ಗಾಬರಿ ಬೇಡ. ಜಾತ್ರೆಗೆ ಹೋದ ಮೊದಲ ಐದು ನಿಮಿಷ ಹಾಗೇ ತಾನೆ ಇರೋದು. ಬೇಕಿದ್ದರೆ ಕಣ್ಣು ಮುಚ್ಚಿ ಸದ್ದು ಕೇಳಿ. ಆಮೇಲೆ ಒಂದೇ ಒಂದು ರಾಜ್ಯ ಆರಿಸಿಕೊಳ್ಳಿ. ಐಡಹೋ ಆಗಲಿ, ಅಲ್ಲಿ ಆಲೂಗಡ್ಡೆ ಕಾಣುತ್ತವೆ. ನಮ್ಮವರು ಯಾರಾದರೂ ಹೀಗೊಂದು ಮಾಡಿದರೆ ಬ್ಯಾಡಗಿಗೆ ಕೆಂಪು ಮೆಣಸಿನಕಾಯಿ ಇಟ್ಟ ಹಾಗೆ. ಒಂದೇ ಚಿತ್ರ ಅಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಮತ್ತೆ ಮತ್ತೆ ಬರೋದನ್ನು ಗಮನಿಸಿ. ಆರ್ಕನ್ಸಾ ರಾಜ್ಯದಲ್ಲಿ ಒಬ್ಬ ಹೆಂಗಸು ಕಾಣುತ್ತಾಳೆ, ಶಾರ್ಲಟ್ ಮೂರ್ಮನ್. ಅವಳ ಹುಟ್ಟೂರು ಆ ರಾಜ್ಯದ್ದು. ವರ್ಷಗಟ್ಟಲೆ ಪೈಕ್ ಜೊತೆ ಕೆಲಸ ಮಾಡಿದ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕಿ, 1991ರಲ್ಲಿ ತೀರಿಕೊಂಡಳು. 1971ರಲ್ಲಿ ಪೈಕ್ ಅವಳಿಗಾಗಿ ಟಿವಿಗಳನ್ನೇ ಒಂದರ ಮೇಲೊಂದು ಇಟ್ಟು ಚೆಲ್ಲೋ ಮಾಡಿಕೊಟ್ಟಿದ್ದ, ಅವಳು ಅದನ್ನು ಬಿಲ್ಲು ಹಿಡಿದು ನುಡಿಸಿದ್ದಳು. ಅಷ್ಟು ದೊಡ್ಡ ಗದ್ದಲದ ನಡುವೆ ತೀರಿಹೋದ ಗೆಳತಿಗೆ ಒಂದು ರಾಜ್ಯ ಬಿಟ್ಟುಕೊಟ್ಟಿದ್ದಾನೆ. ನನಗೆ ಆ ನಕಾಶೆಯಲ್ಲಿ ಮನಸ್ಸಿಗೆ ಹತ್ತಿರ ಆಗೋದು ಅದೊಂದು ಜಾಗ. ಉಳಿದಂತೆ, ನಿಜ ಹೇಳಬೇಕೆಂದರೆ, ಅದು ಅವನ ಒಳ್ಳೆಯ ಕೃತಿಗಳ ಸಾಲಿನಲ್ಲಿ ಮೊದಲನೆಯದಲ್ಲ. ಕೊನೆಕೊನೆಗೆ ಅವನು ಟಿವಿಗಳ ಸಂಖ್ಯೆಯನ್ನು ಜಾಸ್ತಿ ನೆಚ್ಚಿಕೊಂಡ. ಒಂದು ಗೆರೆಯಲ್ಲಿ ಹೇಳಿದ್ದಷ್ಟು 336ರಲ್ಲಿ ಹೇಳಲಿಲ್ಲ.

ಆದರೂ ಒಂದನ್ನು ಬಿಟ್ಟು ಬರಬೇಡಿ. ನಕಾಶೆಯಲ್ಲಿ ವಾಷಿಂಗ್ಟನ್ ನಗರ ಇರುವ ಜಾಗ ಹುಡುಕಿ. ಅಲ್ಲಿ ಟೇಪ್ ಓಡುತ್ತಿಲ್ಲ. ಒಂದು ಕ್ಯಾಮೆರಾ ಇದೆ, ಅದು ಎದುರಿಗೆ ನಿಂತವರನ್ನೇ ತೋರಿಸುತ್ತದೆ. ಹಾವೇರಿಯ ಮಾಸ್ತರರು ಹೋದ ವರ್ಷ ಎರಡು ನಿಮಿಷ ಅಮೆರಿಕದ ನಕಾಶೆಯೊಳಗೆ ಇದ್ದರು, ಅವರಿಗೇ ಗೊತ್ತಿರಲಿಲ್ಲ!

ನಮ್ಮನ್ನು ನಮಗೇ ತೋರಿಸುವ ಈ ಉಪಾಯ ಟಿವಿ ಕಲೆಯ ಇನ್ನೊಂದು ದೊಡ್ಡ ದಾರಿ. 1974ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ಖಾಲಿ ಉಳಿದ ಗೋಡೆ ತುಂಬಲು ಪೈಕ್ ಒಂದು ಹಳೆಯ ಬುದ್ಧನ ಮೂರ್ತಿ ತಂದಿಟ್ಟ. ಎದುರಿಗೆ ಒಂದು ಟಿವಿ, ಅದರ ಹಿಂದೆ ಒಂದು ಕ್ಯಾಮೆರಾ. ಬುದ್ಧ ಟಿವಿಯಲ್ಲಿ ತನ್ನನ್ನೇ ನೋಡುತ್ತ ಕೂತಿದ್ದಾನೆ. 'ಟಿವಿ ಬುದ್ಧ' ಅಂದರೆ ಅಷ್ಟೇ. ಈಗ ಆಮ್‌ಸ್ಟರ್‌ಡಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಪಾಠದಲ್ಲಿ ಇದರ ಫೋಟೋ ತೋರಿಸಿದರೆ ಒಬ್ಬರಾದರೂ ಕೇಳುತ್ತಾರೆ, ಇದು ಧ್ಯಾನವೋ ಸೆಲ್ಫಿಯೋ ಅಂತ. ನನಗೆ ನೆನಪಾಗೋದು ಪೂಜೆಯಲ್ಲಿನ ದರ್ಪಣ ಸೇವೆ. ಅಲಂಕಾರ ಎಲ್ಲ ಮುಗಿದ ಮೇಲೆ ದೇವರ ಮುಖಕ್ಕೆ ಕನ್ನಡಿ ಹಿಡಿಯುತ್ತಾರಲ್ಲ, ಅದು. ವ್ಯತ್ಯಾಸ ಏನೆಂದರೆ ಇಲ್ಲಿ ಕನ್ನಡಿಯನ್ನು ಇಳಿಸೋದೇ ಇಲ್ಲ. ಎದುರಿಗೆ ಹತ್ತು ನಿಮಿಷ ನಿಂತರೆ ಏನೂ ಆಗೋದಿಲ್ಲ, ಮೂರ್ತಿ ಅಲ್ಲಾಡೋದಿಲ್ಲ, ಚಿತ್ರವೂ ಅಲ್ಲಾಡೋದಿಲ್ಲ. ಆದರೂ ಅದು ನೇರ ಪ್ರಸಾರ. ಬುದ್ಧನ ಹಿಂದಿನಿಂದ ಯಾರೋ ದಾಟಿ ಹೋದರೆ ಪರದೆಯಲ್ಲಿ ಅವನ ಹೆಗಲ ಮೇಲೆ ಅವರ ತಲೆ ಕಂಡು ಮಾಯವಾಗಬಹುದು. ಅಷ್ಟು ಹೊತ್ತು ಕಾದವರಿಗೆ ಅದೇ ದೊಡ್ಡ ಘಟನೆ.

ಇದನ್ನು ಸ್ವಲ್ಪ ಕಾಟ ಕೊಡುವ ಹಾಗೆ ಮಾಡಿದವರು ಅಮೆರಿಕದ ಕಲಾವಿದ ಬ್ರೂಸ್ ನೌಮನ್, 1970ರಲ್ಲಿ. ಒಬ್ಬರು ಮಾತ್ರ ನುಸುಳಬಹುದಾದ ಕಿರಿದಾದ ಓಣಿಯಂಥ ದಾರಿ. ತುದಿಯಲ್ಲಿ ಒಂದರ ಮೇಲೊಂದು ಎರಡು ಟಿವಿ. ಒಂದರಲ್ಲಿ ಮೊದಲೇ ತೆಗೆದಿಟ್ಟ ಖಾಲಿ ಓಣಿಯ ಚಿತ್ರ. ಇನ್ನೊಂದರಲ್ಲಿ ನಿಮ್ಮ ಬೆನ್ನು, ಯಾಕೆಂದರೆ ಕ್ಯಾಮೆರಾ ಇರೋದು ನೀವು ಒಳಗೆ ಬಂದ ಬಾಗಿಲ ಮೇಲೆ. ಟಿವಿಯ ಹತ್ತಿರ ಹೋದಷ್ಟೂ ಪರದೆಯಲ್ಲಿ ನೀವು ಚಿಕ್ಕವರಾಗುತ್ತ ದೂರ ಹೋಗುತ್ತೀರಿ. ಇದಕ್ಕೆ ಟಿಕೆಟ್ ಬೇಕಿಲ್ಲ. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಕಡೆ ಯಾವುದಾದರೂ ದೊಡ್ಡ ಬಟ್ಟೆ ಅಂಗಡಿಗೆ ಹೋಗಿ. ಕೌಂಟರ್ ಹತ್ತಿರ ಸಿಸಿಟಿವಿ ಪರದೆ ಇದ್ದರೆ ಅದನ್ನೇ ನೋಡುತ್ತ ನಿಧಾನಕ್ಕೆ ನಡೆಯಿರಿ. ಯಾರೋ ಬಕ್ಕತಲೆಯವರು ಬಿಲ್ಲು ಕೊಡಲು ಹೋಗುತ್ತಿದ್ದಾರೆ ಅಂದುಕೊಂಡೆ ನಾನು ಒಂದು ಸಲ. ಆಮೇಲೆ ಅಂಗಿ ಗುರುತು ಸಿಕ್ಕಿತು.

ಇದೆಲ್ಲ ವಿದೇಶದ ಮಾತಾಯಿತು ಅನ್ನಬೇಡಿ. ನಮ್ಮಲ್ಲಿ ಕಲಾವಿದೆ ನಳಿನಿ ಮಲಾನಿ 1998-99ರಲ್ಲಿ, ಪೋಖ್ರಾನ್ ಅಣು ಪರೀಕ್ಷೆ ಆದ ಮೇಲೆ, ದೇಶ ವಿಭಜನೆ ಕುರಿತ ಉರ್ದು ಕಥೆಗಾರ ಮಂಟೋ ಅವರ ಕಥೆಯನ್ನು ನೆನೆದು ಒಂದು ದೊಡ್ಡ ಕೃತಿ ಮಾಡಿದರು. ಗೋಡೆಗಳ ಮೇಲೆ ಪ್ರೊಜೆಕ್ಟರ್ ಚಿತ್ರ, ನೆಲದ ಮೇಲೆ 12 ತಗಡಿನ ಟ್ರಂಕು. ಟ್ರಂಕಿನೊಳಗೆ ಹಾಸಿಗೆ-ಹೊದಿಕೆ, ಅದರ ನಡುವೆ ಟಿವಿ. ಬಗ್ಗಿ ನೋಡಬೇಕು. ಊರು ಬಿಟ್ಟು ಹೋಗುವವರು ಏನನ್ನು ತುಂಬಿಕೊಳ್ಳುತ್ತಾರೋ ಅದರೊಳಗೆ ಸುದ್ದಿ ಓಡುತ್ತಿರುತ್ತದೆ. ನಮ್ಮ ಅವ್ವನ ಟ್ರಂಕಿನಲ್ಲಿ ಇಳಕಲ್ ಸೀರೆ, ಕೌದಿ, ನುಸಿಗುಳಿಗೆ ಇರುತ್ತಿದ್ದವು. ಆ ವಾಸನೆ ಗೊತ್ತಿದ್ದವರಿಗೆ ಈ ಕೃತಿಗೆ ಬೇರೆ ವಿವರಣೆ ಬೇಡ.

ಕೊನೆಗೆ ನಿಮ್ಮ ಅಟ್ಟದ ಟಿವಿ. ದಯವಿಟ್ಟು ಗುಜರಿಗೆ ಹಾಕಬೇಡಿ. ಅವರು ಯೋಕ್‌ನ ತಾಮ್ರಕ್ಕಾಗಿ ಟ್ಯೂಬಿನ ಕುತ್ತಿಗೆ ಮುರಿಯುತ್ತಾರೆ, ಅಲ್ಲಿಗೆ ಮುಗಿಯಿತು. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ, ಒಡೆದು ಬಿಸಾಡುವಂಥದ್ದೂ ಅಲ್ಲ. ಮತ್ತೆ, ಈ ಟ್ಯೂಬುಗಳ ಬೆಲೆ ಈಗ ಮ್ಯೂಸಿಯಂನವರಿಗೆ ಗೊತ್ತು. ಕೊರಿಯಾದ ಗ್ವಾಚಾನ್‌ನಲ್ಲಿ ಪೈಕ್ 1988ರಲ್ಲಿ ಕಟ್ಟಿದ ಟಿವಿ ಗೋಪುರ ಇದೆ, 18.5 ಮೀಟರ್ ಎತ್ತರ, 1,003 ಟಿವಿ. ಅವರ ರಾಷ್ಟ್ರೀಯ ಹಬ್ಬ ಅಕ್ಟೋಬರ್ 3, ಅದಕ್ಕೇ 1,003. ಮಾಮಾಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟೂ ಯಾಂವ ರಿಪೇರಿ ಮಾಡತಾನ?" ಅದೇ ಆಯಿತು. ಟ್ಯೂಬುಗಳು ಹಳತಾಗಿ, ಅಪಾಯ ಅಂತ 2018ರಲ್ಲಿ ಅದನ್ನು ಆರಿಸಿದರು. ಎಲ್ಲ ತೆಗೆದು ಚಪ್ಪಟೆ ಪರದೆ ಹಾಕಿಬಿಡೋಣವೇ ಅನ್ನುವ ಚರ್ಚೆ ನಡೆಯಿತು. ಕೊನೆಗೆ ಹಳೆಯ ಟ್ಯೂಬುಗಳನ್ನೇ ಹುಡುಕಿ ತಂದು ಆದಷ್ಟು ಸರಿಮಾಡಿ, ಸಿಗದ ಚಿಕ್ಕವುಗಳ ಜಾಗಕ್ಕೆ ಮಾತ್ರ ಎಲ್‌ಸಿಡಿ ಹಾಕಿ, 2022ರಲ್ಲಿ ಮತ್ತೆ ಹಚ್ಚಿದರು. ಚಪ್ಪಟೆ ಪರದೆಯಲ್ಲಿ ಗೆರೆ ಮೂಡೋದಿಲ್ಲ, ಅಯಸ್ಕಾಂತಕ್ಕೆ ಬೆಳಕು ಬಾಗೋದಿಲ್ಲ.

ನಿಮ್ಮ ಟಿವಿಯನ್ನು ಕೆಳಗಿಳಿಸಿ ಧೂಳು ಒರೆಸಿ. ಎಷ್ಟೋ ವರ್ಷ ಹಚ್ಚದೇ ಇದ್ದದ್ದನ್ನು ಏಕ್‌ದಂ ಪ್ಲಗ್‌ಗೆ ಹಾಕಬೇಡಿ, ಒಬ್ಬ ಹಳೆಯ ಮೆಕ್ಯಾನಿಕ್ ಕೈಲಿ ತೋರಿಸಿ. ಹಿಂದಿನ ಮುಚ್ಚಳವನ್ನು ನೀವಾಗಲಿ ಮೊಮ್ಮಗಳಾಗಲಿ ಬಿಚ್ಚಲೇಬಾರದು. ವೈರ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ, ಮಾಮಾ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಿದ್ದ. ಈಗ ಆಂಟೆನಾಕ್ಕೆ ಏನೂ ಬರೋದಿಲ್ಲ, ಇರುವೆ ಸಂತೆ ಮಾತ್ರ ಕಾಣುತ್ತದೆ. ಅದಕ್ಕೇ ಒಂದು ಸ್ಪೀಕರ್ ಅಯಸ್ಕಾಂತ ಹಿಡಿದರೂ ಸಾಕು, ಮೊಮ್ಮಗಳು ರಜೆಗೆ ಬಂದಾಗ ಒಂದು ಮಧ್ಯಾಹ್ನ ಕಳೆಯುತ್ತದೆ. ಪಕ್ಕದಲ್ಲಿರುವ ಕಲರ್ ಟಿವಿಗೆ ಹಿಡಿಯದಂತೆ ನೋಡಿಕೊಳ್ಳಿ, ಬೆನ್ನಿಗೆ ಬಾರಿಸುವವರು ಈಗ ಯಾರೂ ಇಲ್ಲ.

ಅದು ಬೇಡವೇ ಬೇಡ ಅನ್ನಿಸಿದರೆ ಧಾರವಾಡಕ್ಕೆ ಕಳಿಸಿಕೊಡಿ, ನನ್ನ ವಿದ್ಯಾರ್ಥಿಗಳು ಉರುಳುವ ಚಿತ್ರವನ್ನು ಒಮ್ಮೆಯಾದರೂ ಕಣ್ಣಾರೆ ನೋಡಲಿ. ಎತ್ತುವಾಗ ಗಾಜಿನ ಮುಖ ನಿಮ್ಮ ಎದೆಯ ಕಡೆ ಇರಲಿ, ಭಾರವೆಲ್ಲ ಮುಂದೆಯೇ ಇರುತ್ತದೆ. ಕಾರಿನಲ್ಲಿ ಆದರೆ ಹಿಂದಿನ ಸೀಟಿನ ಮೇಲೆ ಒಂದು ಕೌದಿ ಹಾಸಿ ಇಡಿ.